ರಸ್ತೆ ಸುರಕ್ಷತಾ ಸಂಶೋಧನೆ

ರಸ್ತೆ ಸುರಕ್ಷತಾ ಸಂಶೋಧನೆಯು ರಸ್ತೆ ಅಪಘಾತಗಳ ಕಾರಣಗಳನ್ನೂ ಅವುಗಳಿಂದಾಗುವ ಸಾವುನೋವುಗಳನ್ನೂ ಅವನ್ನು ತಡೆಯಲು ಕೈಗೊಂಡ ಕ್ರಮಗಳ ನಿಜವಾದ ಪರಿಣಾಮವನ್ನೂ ಅಳತೆ, ಪ್ರಯೋಗ ಮತ್ತು ಅಂಕಿಅಂಶಗಳ ಮೂಲಕ ಅಧ್ಯಯನ ಮಾಡುವ ಜ್ಞಾನಕ್ಷೇತ್ರವಾಗಿದೆ. ಸಿವಿಲ್ ಎಂಜಿನಿಯರಿಂಗ್, ವಾಹನ ತಂತ್ರಜ್ಞಾನ, ವೈದ್ಯಶಾಸ್ತ್ರ, ಮನಶ್ಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳು ಇದರಲ್ಲಿ ಒಟ್ಟುಗೂಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡರು. 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಇದೇ ಮೊದಲ ಕಾರಣ. ಸಾವುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತದೆ. ಆದರೆ ಸಂಶೋಧನೆಯ ಬಹುಪಾಲು ನಡೆದಿರುವುದು ಶ್ರೀಮಂತ ದೇಶಗಳಲ್ಲಿ. ಈ ಅಸಮತೋಲನವು ಕ್ಷೇತ್ರದ ಅನೇಕ ಚರ್ಚೆಗಳ ಹಿನ್ನೆಲೆಯಲ್ಲಿದೆ.

ಕಳೆದ ಅರ್ಧ ಶತಮಾನದಲ್ಲಿ ಈ ಕ್ಷೇತ್ರದಲ್ಲಾದ ಮುಖ್ಯ ಪಲ್ಲಟವೆಂದರೆ "ತಪ್ಪು ಯಾರದು?" ಎಂಬ ಪ್ರಶ್ನೆಯ ಜಾಗದಲ್ಲಿ "ಏನನ್ನು ಬದಲಿಸಿದ್ದರೆ ಈ ವ್ಯಕ್ತಿ ಬದುಕುತ್ತಿದ್ದ?" ಎಂಬ ಪ್ರಶ್ನೆ ಬಂದಿರುವುದು. ಮೊದಲನೆಯದು ನ್ಯಾಯಾಲಯಕ್ಕೂ ವಿಮಾ ಕಂಪನಿಗೂ ಅಗತ್ಯವಾದ ಪ್ರಶ್ನೆ. ಎರಡನೆಯದು ಸಾವನ್ನು ತಡೆಯಬೇಕಾದವರ ಪ್ರಶ್ನೆ.

ಇತಿಹಾಸ

ಮೋಟಾರು ವಾಹನಗಳ ಮೊದಲ ದಶಕಗಳಲ್ಲಿ ಅಪಘಾತವನ್ನು ವಿಧಿಯ ಆಟವೆಂದೋ ಚಾಲಕನ ಅಜಾಗರೂಕತೆಯೆಂದೋ ಭಾವಿಸಲಾಗುತ್ತಿತ್ತು. ಮನುಷ್ಯನ ದೇಹ ಎಷ್ಟು ಹೊಡೆತವನ್ನು ತಾಳಬಲ್ಲದು ಎಂಬ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿದವರಲ್ಲಿ ಅಮೆರಿಕದ ಹ್ಯೂ ಡಿಹೇವನ್ ಮೊದಲಿಗರು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ತರಬೇತಿ ಪಡೆಯುತ್ತಿದ್ದಾಗ ಅಪಘಾತದಲ್ಲಿ ಬದುಕುಳಿದಿದ್ದ ಅವರು, ಎತ್ತರದ ಕಟ್ಟಡಗಳಿಂದ ಬಿದ್ದೂ ಸಾಯದ ಜನರ ಪ್ರಕರಣಗಳನ್ನು ಕಲೆಹಾಕಿ 1942ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಬಿದ್ದ ಎತ್ತರಕ್ಕಿಂತಲೂ ದೇಹವು ಎಷ್ಟು ದೂರದಲ್ಲಿ, ಎಷ್ಟು ಹೊತ್ತಿನಲ್ಲಿ ನಿಂತಿತು ಮತ್ತು ಬಲವು ದೇಹದ ಎಷ್ಟು ಭಾಗಕ್ಕೆ ಹಂಚಿಹೋಯಿತು ಎಂಬುದೇ ಬದುಕನ್ನು ನಿರ್ಧರಿಸುತ್ತದೆ ಎಂಬುದು ಅದರ ತಿರುಳು. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ 1954ರಲ್ಲಿ ರಾಕೆಟ್ ಬಂಡಿಯೊಂದಕ್ಕೆ ಪಟ್ಟಿಗಳಿಂದ ತಮ್ಮನ್ನೇ ಬಿಗಿದುಕೊಂಡು ಗಂಟೆಗೆ ಸಾವಿರ ಕಿ.ಮೀ.ಗೂ ಹೆಚ್ಚಿನ ವೇಗದಿಂದ ಒಂದೂವರೆ ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ನಿಂತು ಬದುಕುಳಿದರು. ಸರಿಯಾಗಿ ಬಿಗಿದ ದೇಹ ಅಪಾರ ಬಲವನ್ನು ತಾಳಬಲ್ಲದು ಎಂಬುದಕ್ಕೆ ಇದು ಪ್ರತ್ಯಕ್ಷ ಸಾಕ್ಷ್ಯವಾಯಿತು. 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಳಕೆಗೆ ಬಂದಿತು. ಕಂಪನಿಯು ಈ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕವು ಕಾರು ತಯಾರಕರ ಹೊಣೆಯನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಮರುವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾಯ್ದೆ ಜಾರಿಯಾಯಿತು. ಅದರಡಿ ರಚನೆಯಾದ ಸಂಸ್ಥೆಯ ಮೊದಲ ಮುಖ್ಯಸ್ಥರಾದ ವೈದ್ಯ ವಿಲಿಯಂ ಹ್ಯಾಡನ್ ಸಾಂಕ್ರಾಮಿಕ ರೋಗಗಳ ಅಧ್ಯಯನದ ವಿಧಾನವನ್ನು ಅಪಘಾತಗಳಿಗೆ ಅನ್ವಯಿಸಿದರು. ಸೊಳ್ಳೆಯ ಮೂಲಕ ಮಲೇರಿಯಾ ಹರಡುವಂತೆ ವಾಹನದ ಮೂಲಕ ಚಲನಶಕ್ತಿ ದೇಹವನ್ನು ತಲುಪುತ್ತದೆ ಎಂಬುದು ಅವರ ದೃಷ್ಟಿ.

ಹ್ಯಾಡನ್ ಕೋಷ್ಟಕ

ಹ್ಯಾಡನ್ ರೂಪಿಸಿದ ಕೋಷ್ಟಕದಲ್ಲಿ ಡಿಕ್ಕಿಗೆ ಮೊದಲು, ಡಿಕ್ಕಿಯ ಕ್ಷಣ, ಡಿಕ್ಕಿಯ ನಂತರ ಎಂಬ ಮೂರು ಸಾಲುಗಳೂ ಮನುಷ್ಯ, ವಾಹನ, ಪರಿಸರ ಎಂಬ ಕಂಬಸಾಲುಗಳೂ ಇರುತ್ತವೆ. ಉದಾಹರಣೆಗೆ, ರಾತ್ರಿಯಲ್ಲಿ ಬಣ್ಣ ಬಳಿಯದ ರಸ್ತೆ ಉಬ್ಬಿನ ಮೇಲೆ ಹಾರಿ ಬಿದ್ದ ಬೈಕ್ ಸವಾರನೊಬ್ಬ ಮೃತಪಟ್ಟನೆಂದು ಭಾವಿಸಬಹುದು. ಪೊಲೀಸ್ ದಾಖಲೆಯಲ್ಲಿ ಇದು ಅತಿವೇಗ ಮತ್ತು ಅಜಾಗರೂಕ ಚಾಲನೆ. ಕೋಷ್ಟಕದಲ್ಲಾದರೆ ಉಬ್ಬಿಗೆ ಮುಂಚೆ ಇರಬೇಕಾಗಿದ್ದ ಎಚ್ಚರಿಕೆ ಫಲಕ, ಬೀದಿದೀಪ, ಬೈಕಿನ ಮುಂದೀಪ ಮತ್ತು ಬ್ರೇಕಿನ ಗುಣಮಟ್ಟ, ಹೆಲ್ಮೆಟ್ಟು ಮತ್ತು ಅದರ ಕೊರಳಪಟ್ಟಿ, ರಸ್ತೆಬದಿಯ ಕಲ್ಲುಗಂಬ, ಆಂಬುಲೆನ್ಸ್ ತಲುಪಿದ ಸಮಯ, ಸಮೀಪದ ಆಸ್ಪತ್ರೆಯಲ್ಲಿ ತಲೆಗಾಯಕ್ಕೆ ಶಸ್ತ್ರಚಿಕಿತ್ಸೆಯ ಸೌಲಭ್ಯ ಇವೆಲ್ಲವೂ ಬೇರೆ ಬೇರೆ ಮನೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸರಪಳಿಯ ಯಾವ ಕೊಂಡಿಯನ್ನು ಕಳಚಿದರೂ ಸಾವು ತಪ್ಪಬಹುದಾಗಿತ್ತು. ಹೆಚ್ಚು ಕಾರಣವಾದ ಕೊಂಡಿಯನ್ನೇ ಹುಡುಕಬೇಕೆಂದಿಲ್ಲ, ಸುಲಭವಾಗಿ ಕಳಚಬಹುದಾದುದು ಸಾಕು ಎಂಬುದು ಹ್ಯಾಡನ್ ವಾದದ ಮುಖ್ಯ ಅಂಶ.

"ಶೇಕಡಾ 94" ವಿವಾದ

ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 2015ರಲ್ಲಿ ಪ್ರಕಟಿಸಿದ ಕಿರುವರದಿಯೊಂದು ಶೇಕಡಾ 94ರಷ್ಟು ಡಿಕ್ಕಿಗಳಲ್ಲಿ "ನಿರ್ಣಾಯಕ ಕಾರಣ"ವನ್ನು ಚಾಲಕನಿಗೆ ಹೊಂದಿಸಿತ್ತು. ಘಟನೆಗಳ ಸರಣಿಯ ಕೊನೆಯ ಕೊಂಡಿ ಎಂಬ ಸೀಮಿತ ಅರ್ಥದಲ್ಲಿ ಆ ಪದವನ್ನು ಬಳಸಲಾಗಿದೆಯೆಂದೂ ಇದು ದೋಷಾರೋಪಣೆಯಲ್ಲವೆಂದೂ ವರದಿಯಲ್ಲಿಯೇ ಹೇಳಲಾಗಿತ್ತು. ಆದರೂ ಈ ಸಂಖ್ಯೆ ಭಾಷಣಗಳಲ್ಲಿ, ಚಾಲಕರಹಿತ ಕಾರುಗಳ ಪ್ರಚಾರದಲ್ಲಿ "94 ಶೇಕಡಾ ಅಪಘಾತಗಳಿಗೆ ಮಾನವ ದೋಷವೇ ಕಾರಣ" ಎಂಬ ರೂಪ ತಾಳಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಈ ಬಳಕೆಯನ್ನು ಬಹಿರಂಗವಾಗಿ ಟೀಕಿಸಿದರು. ಬ್ರಿಟಿಷ್ ಮೆಡಿಕಲ್ ಜರ್ನಲ್ ಇದಕ್ಕೂ ಮೊದಲೇ, 2001ರಲ್ಲಿ, ಆಕಸ್ಮಿಕ ಎಂಬ ಧ್ವನಿಯುಳ್ಳ "ಆಕ್ಸಿಡೆಂಟ್" ಪದವನ್ನು ತನ್ನ ಪುಟಗಳಿಂದ ಕೈಬಿಡುವುದಾಗಿ ಘೋಷಿಸಿತ್ತು. ಸಂಶೋಧನಾ ಬರವಣಿಗೆಯಲ್ಲಿ ಇಂದು "ಕ್ರ್ಯಾಶ್" ಅಥವಾ "ಡಿಕ್ಕಿ" ಎಂಬುದೇ ರೂಢಿ.

ವಿಷನ್ ಝೀರೋ ಮತ್ತು ಸುರಕ್ಷಿತ ವ್ಯವಸ್ಥೆ

ಸ್ವೀಡನ್ನಿನ ಸಂಸತ್ತು 1997ರ ಅಕ್ಟೋಬರ್‌ನಲ್ಲಿ "ವಿಷನ್ ಝೀರೋ" ನೀತಿಯನ್ನು ಅಂಗೀಕರಿಸಿತು. ರಸ್ತೆ ಸಂಚಾರದಲ್ಲಿ ಯಾರೂ ಸಾಯಬಾರದು, ಯಾರೂ ತೀವ್ರವಾಗಿ ಗಾಯಗೊಳ್ಳಬಾರದು ಎಂಬುದು ಅದರ ಗುರಿ. ಕ್ಲಾಸ್ ಟಿಂಗ್ವಾಲ್ ಇದರ ಪ್ರಮುಖ ರೂವಾರಿ. ಮನುಷ್ಯರು ತಪ್ಪು ಮಾಡಿಯೇ ಮಾಡುತ್ತಾರೆ. ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆಯನ್ನೂ ವಾಹನವನ್ನೂ ವೇಗಮಿತಿಯನ್ನೂ ರೂಪಿಸುವ ಅಂತಿಮ ಹೊಣೆ ವ್ಯವಸ್ಥೆಯನ್ನು ಕಟ್ಟಿ ನಡೆಸುವವರದು ಎಂಬುದು ನೀತಿಯ ತಳಹದಿ. ನೆದರ್ಲೆಂಡ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ "ಸುಸ್ಥಿರ ಸುರಕ್ಷತೆ"ಯೂ ಇದೇ ಬಗೆಯದು. ಇವೆರಡರಿಂದ ಬೆಳೆದು ಬಂದ ವಿಧಾನವನ್ನು ಈಗ "ಸುರಕ್ಷಿತ ವ್ಯವಸ್ಥೆ" ಎಂದು ಕರೆಯಲಾಗುತ್ತದೆ.

ಇದರ ಪ್ರಕಾರ ವೇಗಮಿತಿಯನ್ನು ದೇಹದ ತಾಳಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಪಾದಚಾರಿಗಳೂ ವಾಹನಗಳೂ ಬೆರೆಯುವಲ್ಲಿ ಗಂಟೆಗೆ 30 ಕಿ.ಮೀ., ಒಂದು ವಾಹನ ಇನ್ನೊಂದರ ಪಕ್ಕಕ್ಕೆ ಗುದ್ದಬಹುದಾದ ಕೂಡುರಸ್ತೆಗಳಲ್ಲಿ 50, ಎದುರುಬದುರು ಡಿಕ್ಕಿ ಸಾಧ್ಯವಿರುವಲ್ಲಿ 70 ಕಿ.ಮೀ. ಮೀರಬಾರದು. ಅದಕ್ಕಿಂತ ಹೆಚ್ಚಿನ ವೇಗ ಬೇಕಿದ್ದರೆ ಮೊದಲು ವಿಭಜಕವನ್ನು ಕಟ್ಟಬೇಕು. ಸ್ವೀಡನ್ 1998ರಿಂದ ಇದನ್ನೇ ಮಾಡಿತು. ಅಗಲವಾದ ಎರಡು ಪಥದ ಹಳೆಯ ಹೆದ್ದಾರಿಗಳನ್ನು ಮೂರು ಪಥಗಳಾಗಿ ವಿಂಗಡಿಸಿ, ನಡುವೆ ಉಕ್ಕಿನ ಹಗ್ಗದ ತಡೆಬೇಲಿ ಹಾಕಿ, ಹಿಂದಿಕ್ಕುವ ಪಥವನ್ನು ಎರಡೂ ದಿಕ್ಕಿಗೆ ಸರದಿಯಂತೆ ನೀಡಲಾಯಿತು. ಬೈಕ್ ಸವಾರರು ಈ ಹಗ್ಗಗಳಿಗೆ ಹೆದರಿ ತೀವ್ರವಾಗಿ ವಿರೋಧಿಸಿದ್ದರು. ಆದರೆ ಇಂತಹ ರಸ್ತೆಗಳಲ್ಲಿ ಒಟ್ಟು ಸಾವುಗಳು ಸುಮಾರು ಮುಕ್ಕಾಲು ಪಾಲು ಇಳಿದವು. ಚಾಲಕರು ಮಾತ್ರ ಮೊದಲಿನವರೇ.

ನೀತಿಯ ಫಲ ಒಂದೇ ಸಮನೆ ಬರಲಿಲ್ಲ. 2007ರ ವೇಳೆಗೆ ಸಾವುಗಳನ್ನು ಅರ್ಧಕ್ಕಿಳಿಸುವ ಸ್ವೀಡನ್ನಿನ ಮಧ್ಯಂತರ ಗುರಿ ಈಡೇರಲಿಲ್ಲ. 1997ರಲ್ಲಿ 541 ಇದ್ದ ವಾರ್ಷಿಕ ಸಾವುಗಳ ಸಂಖ್ಯೆ 2020ರಲ್ಲಿ 204ಕ್ಕೆ ಇಳಿದಿತ್ತು. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2019ರಲ್ಲಿ ರಸ್ತೆ ಸಂಚಾರದಿಂದ ಸತ್ತವರು ಒಬ್ಬರೇ, ಪಾದಚಾರಿಗಳಲ್ಲಿ ಒಬ್ಬರೂ ಇಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲೂ ಅದೇ ವರ್ಷ ಪಾದಚಾರಿಗಳ ಸಾವು ಸೊನ್ನೆಯಾಗಿತ್ತು.

ವೇಗ

ವೇಗದಷ್ಟು ವಿವರವಾಗಿ ಅಧ್ಯಯನಕ್ಕೊಳಗಾದ ಅಂಶ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 30ರ ಬದಲು 60 ಕಿ.ಮೀ. ವೇಗದಲ್ಲಿ ಸಾಗುವ ಕಾರಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಂಟೆಗೆ 30 ಕಿ.ಮೀ. ವೇಗವು ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ದೇಹದ ವೇಗಕ್ಕೆ ಸಮ, 50 ಕಿ.ಮೀ. ವೇಗವು ಸುಮಾರು 10 ಮೀಟರ್ ಎತ್ತರಕ್ಕೆ ಸಮ.

ನಿಲ್ಲುವ ದೂರದ ಲೆಕ್ಕ ಇನ್ನೂ ಸ್ಪಷ್ಟ. ಚಾಲಕನಿಗೆ ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದೂ ಒಣ ರಸ್ತೆಯಲ್ಲಿ ಕಾರು ಪ್ರತಿ ಸೆಕೆಂಡಿಗೆ 7 ಮೀಟರ್‌/ಸೆಕೆಂಡ್‌ನಂತೆ ವೇಗ ಕಳೆದುಕೊಳ್ಳುತ್ತದೆಂದೂ ಇಟ್ಟುಕೊಂಡರೆ, 30 ಕಿ.ಮೀ. ವೇಗದ ಕಾರು 13 ಮೀಟರ್ ದಾಟುತ್ತಲೇ ಪೂರ್ತಿ ನಿಂತಿರುತ್ತದೆ. 50 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿಯುವ ಮೊದಲೇ ಸುಮಾರು 14 ಮೀಟರ್ ಸಾಗಿರುತ್ತದೆ. ಅಂದರೆ 14 ಮೀಟರ್ ಮುಂದೆ ಮಗುವೊಂದು ರಸ್ತೆಗೆ ಓಡಿ ಬಂದರೆ ಮೊದಲನೆಯ ಕಾರು ಮಗುವನ್ನು ಮುಟ್ಟುವುದೇ ಇಲ್ಲ, ಎರಡನೆಯದು ಸ್ವಲ್ಪವೂ ವೇಗ ತಗ್ಗದೆ ಬಡಿಯುತ್ತದೆ.

ರಸ್ತೆಯೊಂದರ ಸರಾಸರಿ ವೇಗ ಬದಲಾದಾಗ ಡಿಕ್ಕಿಗಳು ಎಷ್ಟು ಬದಲಾಗುತ್ತವೆ ಎಂಬುದನ್ನು ಸ್ವೀಡನ್ನಿನ ಯೋರಾನ್ ನಿಲ್ಸನ್ "ಘಾತ ಮಾದರಿ"ಯ ಮೂಲಕ ನಿರೂಪಿಸಿದರು. ಸಾವು ಸಂಭವಿಸುವ ಡಿಕ್ಕಿಗಳು ವೇಗದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತವೆ ಎಂಬುದು ಅದರ ನಿರ್ಣಯ. ಸರಾಸರಿ ವೇಗ ಶೇಕಡಾ 5ರಷ್ಟು ಏರಿದರೆ ಅಂತಹ ಡಿಕ್ಕಿಗಳು ಶೇಕಡಾ 20ಕ್ಕೂ ಹೆಚ್ಚು ಏರುತ್ತವೆ. ನಾರ್ವೆಯ ರೂನೆ ಎಲ್ವಿಕ್ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಈ ಮಾದರಿಯನ್ನು ಪರಿಷ್ಕರಿಸಿದ್ದಾರೆ. ಘಾತದ ನಿಖರ ಬೆಲೆ ರಸ್ತೆಯ ಬಗೆಯನ್ನು ಅವಲಂಬಿಸಿದರೂ ಸಂಬಂಧದ ದಿಕ್ಕು ಬದಲಾಗಿಲ್ಲ.

ಪಾದಚಾರಿಗಳ ಕುರಿತ ಹಳೆಯ ಅಂದಾಜುಗಳು ಮಾತ್ರ ತಿದ್ದುಪಡಿ ಕಂಡಿವೆ. 50 ಕಿ.ಮೀ. ವೇಗದ ಡಿಕ್ಕಿಯಲ್ಲಿ ಬಹುತೇಕ ಪಾದಚಾರಿಗಳು ಸಾಯುತ್ತಾರೆ ಎಂಬ ಮಾತು ದಶಕಗಳ ಕಾಲ ಪಠ್ಯಗಳಲ್ಲಿತ್ತು. ಸಣ್ಣ ಗಾಯಗಳ ಪ್ರಕರಣಗಳು ದಾಖಲಾಗದೆ ಉಳಿಯುವುದರಿಂದ ಆ ಅಂಕಿಗಳು ಉಬ್ಬಿದ್ದವು. ಜರ್ಮನಿಯ ದತ್ತಾಂಶವನ್ನು ಈ ದೋಷಕ್ಕೆ ಸರಿಪಡಿಸಿ ಎರಿಕ್ ರೋಸೆನ್ ಮತ್ತು ಉಲ್ರಿಚ್ ಸ್ಯಾಂಡರ್ 2009ರಲ್ಲಿ ನಡೆಸಿದ ಅಧ್ಯಯನದಲ್ಲಿ ಒಟ್ಟಾರೆ ಅಪಾಯ ಹಿಂದೆ ತಿಳಿದಿದ್ದಕ್ಕಿಂತ ಕಡಿಮೆಯೆಂದು ಕಂಡುಬಂತು. ಆದರೆ 50 ಕಿ.ಮೀ. ವೇಗದಲ್ಲಿ ಸಾವಿನ ಅಪಾಯವು 40ರಲ್ಲಿರುವುದಕ್ಕಿಂತ ಎರಡು ಪಟ್ಟಿಗೂ, 30ರಲ್ಲಿರುವುದಕ್ಕಿಂತ ಐದು ಪಟ್ಟಿಗೂ ಹೆಚ್ಚಾಗಿಯೇ ಇತ್ತು. ಸಂಖ್ಯೆ ತಗ್ಗಿದರೂ 30 ಕಿ.ಮೀ. ಮಿತಿಯ ಪರವಾದ ವಾದ ದುರ್ಬಲವಾಗಲಿಲ್ಲ.

ವೇಗವನ್ನು ಇಳಿಸುವ ಸಾಧನಗಳಲ್ಲಿ ಕ್ಯಾಮೆರಾಗಳ ಕುರಿತ ಕೊಕ್ರೇನ್ ಸಮೀಕ್ಷೆಯು 2010ರಲ್ಲಿ 35 ಅಧ್ಯಯನಗಳನ್ನು ಪರಿಶೀಲಿಸಿ, ಕ್ಯಾಮೆರಾಗಳ ಆಸುಪಾಸಿನಲ್ಲಿ ಸಾವು ಹಾಗೂ ತೀವ್ರ ಗಾಯದ ಡಿಕ್ಕಿಗಳು ಶೇಕಡಾ 11ರಿಂದ 44ರಷ್ಟು ಇಳಿದಿವೆಯೆಂದು ವರದಿ ಮಾಡಿತು. ಕೂಡುರಸ್ತೆಗಳನ್ನು ವೃತ್ತಗಳಾಗಿ ಮಾರ್ಪಡಿಸುವುದೂ ಫಲಕಾರಿ. ಅಮೆರಿಕದಲ್ಲಿ ಹೀಗೆ ಮಾರ್ಪಡಿಸಿದ ಕಡೆಗಳಲ್ಲಿ ಗಾಯಗಳಾಗುವ ಡಿಕ್ಕಿಗಳು ಸುಮಾರು ಮುಕ್ಕಾಲು ಪಾಲು ಕಡಿಮೆಯಾದವು. ವೃತ್ತದಲ್ಲಿ ತಪ್ಪು ಮಾಡಿದವನೂ ನಿಧಾನವಾಗಿಯೇ, ಓರೆಯಾಗಿಯೇ ತಾಗುತ್ತಾನೆ.

ಚಾಲಕನ ವರ್ತನೆ

ವ್ಯವಸ್ಥೆಗೆ ಒತ್ತು ನೀಡುವುದೆಂದರೆ ಚಾಲಕನನ್ನು ಅಧ್ಯಯನದಿಂದ ಕೈಬಿಡುವುದಲ್ಲ. 1997ರಲ್ಲಿ ಡೊನಾಲ್ಡ್ ರೆಡೆಲ್ಮಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಕೆನಡಾದ ಟೊರಾಂಟೊದಲ್ಲಿ ಡಿಕ್ಕಿಗೊಳಗಾದ ಚಾಲಕರ ದೂರವಾಣಿ ಬಿಲ್‌ಗಳನ್ನು ಪರಿಶೀಲಿಸಿದರು. ಡಿಕ್ಕಿಗೆ ಮುಂಚಿನ ನಿಮಿಷಗಳನ್ನು ಅದೇ ವ್ಯಕ್ತಿಯ ಹಿಂದಿನ ದಿನದ ಅದೇ ಹೊತ್ತಿನೊಂದಿಗೆ ಹೋಲಿಸಿದ್ದರಿಂದ "ಫೋನ್ ಬಳಸುವವರೇ ಸ್ವಭಾವತಃ ದುಡುಕಿನವರಿರಬಹುದು" ಎಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಫೋನ್ ಬಳಕೆಯ ವೇಳೆ ಅಪಾಯ ಸುಮಾರು ನಾಲ್ಕು ಪಟ್ಟಾಗಿತ್ತು. ಕೈಯಲ್ಲಿ ಹಿಡಿಯದೆ ಮಾತಾಡುವ ಸಾಧನದಿಂದ ಯಾವ ಲಾಭವೂ ಕಾಣಲಿಲ್ಲ. ಆನಂತರ ವರ್ಜೀನಿಯಾ ಟೆಕ್ ಸಂಸ್ಥೆಯು 100 ಕಾರುಗಳಿಗೆ ಕ್ಯಾಮೆರಾ ಮತ್ತು ಸಂವೇದಕಗಳನ್ನು ಅಳವಡಿಸಿ ಚಾಲಕರ ದೈನಂದಿನ ಓಡಾಟವನ್ನು ದಾಖಲಿಸಿತು. 2006ರಲ್ಲಿ ಹೊರಬಂದ ಫಲಿತಾಂಶದಂತೆ ಸುಮಾರು ಶೇಕಡಾ 80ರಷ್ಟು ಡಿಕ್ಕಿಗಳಲ್ಲಿ ಕೊನೆಯ ಮೂರು ಸೆಕೆಂಡುಗಳೊಳಗೆ ಚಾಲಕನ ಗಮನ ಬೇರೆಡೆಗೆ ಹೋಗಿತ್ತು.

ತರಬೇತಿಯಿಂದ ಎಲ್ಲವೂ ಸರಿಹೋಗುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಆಧಾರ ದೊರೆತಿಲ್ಲ. ಪರವಾನಗಿ ಪಡೆದವರಿಗೆ ನೀಡುವ ಮರುತರಬೇತಿಯ ಕುರಿತ ಕೊಕ್ರೇನ್ ಸಮೀಕ್ಷೆಯಲ್ಲಿ ಅದರಿಂದ ಡಿಕ್ಕಿ ಅಥವಾ ಗಾಯಗಳು ತಗ್ಗುತ್ತವೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಇದಕ್ಕೆ ಪ್ರತಿಯಾಗಿ, ಬೈಕ್ ಸವಾರರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆಗಾಯವನ್ನು ಶೇಕಡಾ 69ರಷ್ಟು ಕಡಿಮೆ ಮಾಡುತ್ತದೆ ಎಂದು 2008ರ ಇಂತಹದೇ ಸಮೀಕ್ಷೆ ತಿಳಿಸಿತು.

ಸುರಕ್ಷತೆ ಹೆಚ್ಚಿದಂತೆ ಚಾಲಕರು ಹೆಚ್ಚು ಸಾಹಸಕ್ಕಿಳಿದು ಲಾಭವನ್ನೆಲ್ಲ ಕಳೆದುಬಿಡುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ವಾದಿಸಿದ್ದರು. ಇಂತಹ ಹೊಂದಾಣಿಕೆ ಕೆಲವು ಕಡೆ ಕಂಡುಬಂದಿದೆಯಾದರೂ ಸೀಟ್ ಬೆಲ್ಟಿನ ವಿಷಯದಲ್ಲಿ ಅದು ಲಾಭವನ್ನು ಅಳಿಸಿಹಾಕಿಲ್ಲ.

ಅಳತೆಯ ತೊಡಕುಗಳು

ಅಪಘಾತವು ಯಾವುದೇ ಒಂದು ಜಾಗದಲ್ಲಿ ಅಪರೂಪದ ಘಟನೆ. ಇದರಿಂದ ಒಂದು ವಿಚಿತ್ರ ತೊಡಕು ಹುಟ್ಟುತ್ತದೆ. ಒಂದು ತಿರುವಿನಲ್ಲಿ ಕಳೆದ ವರ್ಷ ಆರು ಡಿಕ್ಕಿಗಳಾಗಿವೆಯೆಂದು ಅದನ್ನು ಅಪಾಯದ ತಾಣವೆಂದು ಗುರುತಿಸಿ ಫಲಕ ನೆಟ್ಟರೆ, ಮುಂದಿನ ವರ್ಷ ಮೂರು ಮಾತ್ರ ಆಗಬಹುದು. ಫಲಕವೇ ಕಾರಣವೆಂದು ತೋರುತ್ತದೆ. ಆದರೆ ಆ ವರ್ಷದ ಆರರಲ್ಲಿ ಕೆಲವು ಕೇವಲ ಕಾಕತಾಳೀಯವಾಗಿ ಒಟ್ಟುಗೂಡಿದ್ದರೆ, ಏನೂ ಮಾಡದಿದ್ದರೂ ಸಂಖ್ಯೆ ಸರಾಸರಿಯತ್ತ ಇಳಿಯುತ್ತಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಎಜ್ರಾ ಹಾವರ್ ಈ ಭ್ರಮೆಯನ್ನು ಬಯಲುಮಾಡಿ, ಒಂದು ಜಾಗದ ಎಣಿಕೆಯನ್ನು ಅದರಂತಹ ಇತರ ಜಾಗಗಳ ಸರಾಸರಿಯೊಡನೆ ಬೆರೆಸಿ ನೋಡುವ "ಎಂಪಿರಿಕಲ್ ಬೇಯ್ಸ್" ವಿಧಾನವನ್ನು ಈ ಕ್ಷೇತ್ರದಲ್ಲಿ ನೆಲೆಗೊಳಿಸಿದರು. ಇದನ್ನು ಲೆಕ್ಕಿಸದ "ಮುಂಚೆ–ಆಮೇಲೆ" ಹೋಲಿಕೆಗಳನ್ನು ಸಂಶೋಧಕರು ಈಗ ಸುಲಭವಾಗಿ ಒಪ್ಪುವುದಿಲ್ಲ.

ಇನ್ನೊಂದು ತೊಡಕು ನೈತಿಕವಾದುದು. ಡಿಕ್ಕಿಗಳನ್ನು ಎಣಿಸಿಯೇ ಅಪಾಯವನ್ನು ಅರಿಯಬೇಕಾದರೆ ಸಾಕಷ್ಟು ಜನ ಸಾಯುವವರೆಗೆ ಕಾಯಬೇಕು. ಇದಕ್ಕೆ ಪರ್ಯಾಯವಾಗಿ ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳನ್ನು ಅಳೆಯುವ ವಿಧಾನವನ್ನು 1960ರ ದಶಕದಲ್ಲಿ ಜನರಲ್ ಮೋಟಾರ್ಸ್ ಸಂಶೋಧಕರು ಆರಂಭಿಸಿದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹೀಡೆನ್ ಅದನ್ನು ಬೆಳೆಸಿದರು. ಎರಡು ವಾಹನಗಳು ಹಾಗೆಯೇ ಸಾಗಿದ್ದರೆ ಡಿಕ್ಕಿಗೆ ಎಷ್ಟು ಸೆಕೆಂಡು ಉಳಿದಿತ್ತು, ಒಂದು ವಾಹನ ಬಿಟ್ಟ ಜಾಗಕ್ಕೆ ಇನ್ನೊಂದು ಎಷ್ಟು ಬೇಗ ಬಂದಿತು ಎಂಬುವು ಇಲ್ಲಿನ ಅಳತೆಗೋಲು. ಹಿಂದೆ ತರಬೇತಾದ ವೀಕ್ಷಕರು ಕೂಡುರಸ್ತೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದುದನ್ನು ಈಗ ಕ್ಯಾಮೆರಾ ಮತ್ತು ಗಣಕಯಂತ್ರಗಳು ಮಾಡುತ್ತವೆ.

ವಾಹನ ತಂತ್ರಜ್ಞಾನ

ವಾಹನ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣವು ಒಂಟಿ ವಾಹನದ ಮಾರಕ ಅಪಘಾತಗಳನ್ನು ಸುಮಾರು ಅರ್ಧಕ್ಕಿಳಿಸಿದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯು ಹಿಂದಿನಿಂದ ಗುದ್ದುವ ಡಿಕ್ಕಿಗಳನ್ನು ಅಮೆರಿಕದಲ್ಲಿ ಅರ್ಧದಷ್ಟು ತಗ್ಗಿಸಿದೆಯಾದರೂ ಅದರ ಪಾದಚಾರಿ ಪತ್ತೆ ಸೌಲಭ್ಯವು ದೀಪವಿಲ್ಲದ ರಸ್ತೆಯ ಕತ್ತಲೆಯಲ್ಲಿ ಪ್ರಯೋಜನ ತೋರಿಲ್ಲವೆಂದು 2022ರ ಅಧ್ಯಯನವೊಂದು ಕಂಡುಕೊಂಡಿತು. ಡಿಕ್ಕಿ ಪರೀಕ್ಷೆಯ ಬೊಂಬೆಗಳು ದಶಕಗಳ ಕಾಲ ಸರಾಸರಿ ಗಂಡಸಿನ ದೇಹವನ್ನೇ ಮಾದರಿಯಾಗಿ ಹೊಂದಿದ್ದವು. ಬೆಲ್ಟ್ ಧರಿಸಿದ ಹೆಂಗಸರಿಗೆ ತೀವ್ರ ಗಾಯದ ಸಂಭವ ಗಂಡಸರಿಗಿಂತ ಶೇಕಡಾ 47ರಷ್ಟು ಹೆಚ್ಚೆಂದು ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಸರಾಸರಿ ಹೆಂಗಸಿನ ಮೈಕಟ್ಟಿನ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಅವರ ತಂಡ ಈಚೆಗೆ ರೂಪಿಸಿದೆ.

ಭಾರತದಲ್ಲಿ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನರು ಮೃತಪಟ್ಟರು. ಅವರಲ್ಲಿ ಶೇಕಡಾ 44.5 ದ್ವಿಚಕ್ರ ವಾಹನದವರು, ಶೇಕಡಾ 19.5 ಪಾದಚಾರಿಗಳು. ಕಾರಿನೊಳಗಿರುವವರನ್ನು ಕಾಪಾಡಲು ಬೆಳೆದ ಪಾಶ್ಚಾತ್ಯ ತಂತ್ರಜ್ಞಾನದ ದೊಡ್ಡ ಪಾಲು ಇವರಿಗೆ ನೇರವಾಗಿ ಒದಗುವುದಿಲ್ಲ. ದೆಹಲಿಯ ಐಐಟಿಯಲ್ಲಿ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ ಮುಂತಾದವರು ಕಟ್ಟಿದ ಸಂಶೋಧನಾ ಕೇಂದ್ರವು ಈ ಅಂಶವನ್ನು ದಶಕಗಳಿಂದ ಎತ್ತಿ ತೋರಿಸುತ್ತ ಬಂದಿದೆ.

ಅದೇ ವರದಿಯಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದಿದೆ. ಇದು ಠಾಣೆಯ ದಾಖಲೆಗಳನ್ನು ಆಧರಿಸಿದ್ದು. ಸ್ಥಳಕ್ಕೆ ತಲುಪುವ ಪೊಲೀಸ್ ಅಧಿಕಾರಿಯ ಕೆಲಸ ಆರೋಪಿಯನ್ನು ಗುರುತಿಸುವುದು. ರಸ್ತೆಯ ವಿನ್ಯಾಸವನ್ನು ಪರೀಕ್ಷಿಸುವ ತರಬೇತಿ ಅವರಿಗಿರುವುದಿಲ್ಲ. ಎಣಿಕೆಯೂ ಅಪೂರ್ಣ. 2021ರಲ್ಲಿ ಸರ್ಕಾರಿ ಲೆಕ್ಕದಲ್ಲಿ 1,53,972 ಇದ್ದ ಸಾವುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ಎರಡು ಲಕ್ಷಕ್ಕೂ ಹೆಚ್ಚೆಂದು ಅಂದಾಜಿಸಿದೆ. ಸ್ಥಳದ ಸ್ಥಾನಸೂಚಿ, ಚಿತ್ರ, ರಸ್ತೆಯ ವಿವರಗಳನ್ನು ಮೊಬೈಲ್ ಮೂಲಕವೇ ದಾಖಲಿಸುವ ಸಮಗ್ರ ದತ್ತಸಂಚಯವನ್ನು ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರಗಳು ರೂಪಿಸಿದ್ದು, ಅದು ಬಳಕೆಗೆ ಬಂದಿದೆ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ದಂಡಗಳನ್ನು ಏರಿಸಿದ್ದು ಎಲ್ಲರಿಗೂ ತಿಳಿದಿದೆ. ಅದರ 198ಎ ಕಲಂ ಅಷ್ಟು ಪ್ರಚಾರ ಪಡೆಯಲಿಲ್ಲ. ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗೆ ಹೊಣೆಯಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದು ಅವಕಾಶ ನೀಡುತ್ತದೆ. ಮೊತ್ತ ಚಿಕ್ಕದಾದರೂ ರಸ್ತೆ ಕಟ್ಟಿದವರ ಹೊಣೆಯನ್ನು ಕಾನೂನಿನ ಭಾಷೆಯಲ್ಲಿ ಒಪ್ಪಿಕೊಂಡಿರುವುದು ಗಮನಾರ್ಹ.

ಕರ್ನಾಟಕ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗವು ಜಿ. ಗುರುರಾಜ್ ಅವರ ನೇತೃತ್ವದಲ್ಲಿ ಪೊಲೀಸ್ ದಾಖಲೆಗಳನ್ನೂ ಆಸ್ಪತ್ರೆಗಳ ದಾಖಲೆಗಳನ್ನೂ ಜೊತೆಗಿಟ್ಟು ನೋಡುವ ಗಾಯ ಕಣ್ಗಾವಲು ಅಧ್ಯಯನಗಳನ್ನು ನಡೆಸಿ, ಗಾಯಾಳುಗಳಲ್ಲಿ ಅನೇಕರು ಪೊಲೀಸ್ ಲೆಕ್ಕಕ್ಕೆ ಸಿಗುವುದೇ ಇಲ್ಲವೆಂದು ತೋರಿಸಿತು. ರಾಜ್ಯದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಆದರೆ ದಂಡ ತಪ್ಪಿಸಲೆಂದೇ ಧರಿಸುವ ಅರ್ಧ ಹೆಲ್ಮೆಟ್ಟುಗಳು ತಲೆಯ ಬದಿಗಳನ್ನು ಕಾಪಾಡುವುದಿಲ್ಲ. ಗಾಯಾಳುಗಳಿಗೆ ನೆರವಾಗುವವರನ್ನು ಪೊಲೀಸ್ ಮತ್ತು ನ್ಯಾಯಾಲಯದ ಅಲೆದಾಟದಿಂದ ರಕ್ಷಿಸಲು ಪ್ರತ್ಯೇಕ ಕಾಯ್ದೆಯನ್ನು ರೂಪಿಸಿದ ರಾಜ್ಯವೂ ಕರ್ನಾಟಕವೇ.

118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬಳಿಕ ಅಲ್ಲಿ ಸಾವುಗಳು ಹೆಚ್ಚಿ ಆತಂಕ ಮೂಡಿತು. ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ ಮತ್ತು ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು. ಗಂಟೆಗೆ 100 ಕಿ.ಮೀ. ಮಿತಿಯನ್ನು ಜಾರಿಗೊಳಿಸಲು ಪೊಲೀಸರು ರಡಾರ್ ಗನ್‌ಗಳನ್ನೂ ಬಳಿಕ ಸ್ವಯಂಚಾಲಿತ ಕ್ಯಾಮೆರಾಗಳನ್ನೂ ಬಳಸಿದರು. ಸಾವುಗಳು ಗಣನೀಯವಾಗಿ ಇಳಿದವು. ಈ ಇಳಿಕೆಯಲ್ಲಿ ಕ್ಯಾಮೆರಾಗಳ ಪಾಲೆಷ್ಟು, ಬೈಕ್‌ಗಳನ್ನು ಸೇವಾ ರಸ್ತೆಗೆ ಕಳುಹಿಸಿದ್ದರ ಪಾಲೆಷ್ಟು, ಏರಿದ್ದ ಸಂಖ್ಯೆ ತಾನಾಗಿ ಸರಾಸರಿಗೆ ಮರಳಿದ್ದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಬೇಕಾದರೆ ಸೇವಾ ರಸ್ತೆಯ ಸಾವುಗಳನ್ನೂ ಅದೇ ಅವಧಿಯ ಇತರ ಹೆದ್ದಾರಿಗಳ ಅಂಕಿಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.